ನಲವತ್ತು ಸಾಲಿಗೆ ಒಬ್ಬ ಅಜ್ಜ

...ಅಲ್ರಿ ಆಯಿ, ಈ ಫೋನ್ ಏನಂತೈತಿ ಗೊತ್ತೇನ್ರಿ? "ನಿಮ್ಮ ಜಾಗಾ ಬಂತು" ಅಂತೈತಿ! ಯಾವ ಜಾಗಾ? ಮುಂದ ಕಬ್ಬು, ಹಿಂದ ಕಬ್ಬು, ಬಾಜೂಕ ಕಾಲುವಿ. ಈ ಸ್ಕೂಟರ್ ಇನ್ನ ನಾಕ ಮಾರ ಮುಂದ ಹೋಗಿತ್ತಂದ್ರ ಕಾಲುವಿನ ನನ್ನ ಜಾಗಾ ಆಗತಿತ್ತು. ಕುಲಗೋಡದ ಮಾಯವ್ವನ ಮನಿ ಎಲ್ಲೈತ್ರಿ? ಕುರಿ ಮಾಯವ್ವ ಅಂತಾರಂತಲ್ಲ, ಹೊಲದಾಗ ಮನಿ ಮಾಡ್ಯಾರಂತ, ಅವರದು... ಆಂ? ಬಾಯಾಗ ಎಲಿ ಅಡಿಕಿ ಐತೇನ್ರಿ? ಇರ್ಲಿ ಇರ್ಲಿ, ಉಗಳಬ್ಯಾಡ್ರಿ, ಈಗಷ್ಟ ಹಾಕ್ಕೊಂಡಂಗ ಕಾಣ್ತೈತಿ. ಕೈಲೆ ತೋರಸ್ರಿ, ಸಾಕು.

ಆ ಕಡೆ? ಆ ಕಡಿಂದನ ಬಂದೇನಲ್ರಿ ನಾ!

ಹತ್ತತೀರಿ? ನೀವೂ ಅಲ್ಲೇ ಹೊಂಟೀರೇನು? ಹತ್ರಿ ಹತ್ರಿ, ದೇವ್ರ ಬಂದಂಗ ಬಂದ್ರಿ. ಕುರಿಮರೀನೂ ಬರ್ತೈತಿ? ಬರ್ಲಿ. ತೊಡಿ ಮ್ಯಾಲ ಇಟಗೋರಿ, ನನ್ನ ಬ್ಯಾಗಿನ ಪಟ್ಟಿ ಮಾತ್ರ ತಿನ್ನಾಕ ಬಿಡಬ್ಯಾಡ್ರಿ, ಅದರಾಗ ಲ್ಯಾಪ್‌ಟಾಪ್ ಐತಿ. ನೋಡ್ರಿ, ಮಾತಾಡೂ ತ್ರಾಸ ತಗೋಬ್ಯಾಡ್ರಿ. ಎಡಕ್ಕಂದ್ರ ಎಡಭುಜಕ್ಕ ಬಡೀರಿ, ಬಲಕ್ಕಂದ್ರ ಬಲಭುಜಕ್ಕ. ಆತಲ್ಲ?... ಅಯ್ಯ, ಅಷ್ಟ ಜೋರ ಬ್ಯಾಡ್ರಿ! ಹೊಳ್ಳತೇನಿ, ಹೊಳ್ಳತೇನಿ.

ಯಾಕ ನಗ್ತೀರಿ? ಇಷ್ಟ ದೊಡ್ಡಾಕಿ ದಾರಿ ತಪ್ಪಸ್ಕೊಂಡಾಳಂತ? ನಗ್ರಿ. ತಲೀಗಿ ಟಾವೆಲ್ ಸುತ್ತಿದ್ರೂ ಕನ್ನಡ್ಯಾಗ ಕಾಣಸ್ತೀರಿ ನನಗ. ನಂದೂ ನನಗ ನಗಿ ಬರಾಕತ್ತೈತಿ. ಸೂರತ್‌ನ್ಯಾಗ ಆರ ವರ್ಷ ಮದಿವಿ ಆಲ್ಬಮ್ ಮಾಡಿದಾಕಿ ನಾ, ಅಲ್ಲಿ ಗಲ್ಲ್ಯಾಗ ತಪ್ಪಿಲ್ಲ. ಮಸ್ಕತ್‌ನ್ಯಾಗ ಪಾಸ್‌ಪೋರ್ಟ್ ಫೋಟೋ ತಗದೇನಿ, ಅಲ್ಲಿ ಮರಳಿನ್ಯಾಗ ತಪ್ಪಿಲ್ಲ. ಕಠ್ಮಂಡುದಾಗ ಒಂದ ಚಳಿಗಾಲ ಇದ್ನಿ, ಯಾಕಿದ್ನಿ ಅಂತ ಕೇಳಬ್ಯಾಡ್ರಿ. ಅಲ್ಲೂ ತಪ್ಪಿಲ್ಲ. ಮನಿಯಿಂದ ಒಂದ ತಾಸಿನ ದಾರ್ಯಾಗ ಇದ್ದ ಕುಲಗೋಡದಾಗ ತಪ್ಪಿದೆ! ಶೋಭಾ ಅಂತ ನನ್ನ ಹೆಸರು. ಗೋಕಾಕದಾಕಿ. ಹುಟ್ಟಿದ್ದಷ್ಟ ಅಲ್ಲಿ, ಕಾಲ ಊರಿದ್ದು ಈಗ ಎರಡ ವರ್ಷದಿಂದ.

ಏನ್ ಕೆಲಸ ಅಂತೀರಿ? ಚಾರ್ಟ್ ಮಾಡತೇನ್ರಿ. ಸಾಲಿ ಗ್ವಾಡಿಗಿ ಹಚ್ಚಿರ್ತಾರಲ್ಲ, ತರಕಾರಿ, ಪ್ರಾಣಿ, ಬಸ್ಸು, ಅಂಚಿ ಕಚೇರಿ... ಆ ಚಿತ್ರದ ಹಾಳಿ. ಹುಕ್ಕೇರಿ ಕಡೆ ಇಪ್ಪತ್ತ ಸಾಲಿ, ಮೂಡಲಗಿ ಕಡೆ ಇಪ್ಪತ್ತ. ಒಟ್ಟ ನಲವತ್ತ ಸಾಲ್ಯಾಗ ನನ್ನ ಚಾರ್ಟ್ ಅದಾವು. ಎಲ್ಲಿಂದೋ ಬಂದ ಛಾಪಿಸಿದ ಹಾಳ್ಯಾಗ ಸೇಬು, ಪೆಂಗ್ವಿನ್ನು. ನಮ್ಮ ಮಕ್ಕಳಿಗ್ಯಾಕ್ರಿ ಪೆಂಗ್ವಿನ್ನು? ನಾ ಇಲ್ಲಿದ ಹಾಕತೇನಿ. ಇಲ್ಲಿ ಬದನಿಕಾಯಿ, ಇಲ್ಲಿ ಎಮ್ಮಿ, ಇಲ್ಲಿ ಮಂದಿ. ಫೋಟೋ ತಗದು ಕಂಪ್ಯೂಟರ್‌ನ್ಯಾಗ ಜೋಡಸ್ತೇನಿ. ಹುಡುಗ್ರು ಗ್ವಾಡಿಗಿ ಬಟ್ಟ ಇಟ್ಟು, "ಟೀಚರ್, ಇದು ನಮ್ಮ ಎಮ್ಮಿ ರೀ!" ಅಂತಾವಲ್ಲ... ಎಲ್ಲಾ ಊರಿಂದನೂ ಪೆಟಗಿ ಕಟ್ಟಿ ಎದ್ದ ಬಂದಾಕಿ ನಾ. ಈ ಕೆಲಸ ಬಿಟ್ಟ ಹೋಗು ಅಂದ್ರ ಮಾತ್ರ ಕಾಲ ಏಳೂದಿಲ್ರಿ.

ಬಲಕ್ಕ? ಆತು.

ಜೋಡಸೂದು ಅಂದ್ರ ಹೆಂಗ ಅಂತ ಹೇಳಲಿ? ಹಿಟ್ಟಿನ ಗಿರಣಿ ಐತಲ್ಲ, ಅದರಾಗ ಜರಡಿ ಬದಲಸ್ತಾರ ನೋಡ್ರಿ, ಸಣ್ಣ ಹಿಟ್ಟಿಗೊಂದು, ರವಾಕ್ಕೊಂದು. ಹಂಗ ಫೋಟೋ ಸಾಫ್ಟ್‌ವೇರಿಗಿ ಹೊರಗಿಂದ ಸಣ್ಣ ಸಣ್ಣ ಸಾಮಾನ ಜೋಡಿಸ್ಕೋತೇವಿ. ಪ್ಲಗಿನ್ ಅಂತಾರ. ಒಂದು ಪ್ಲಗಿನ್ ಹಿಂದಿನ ಗ್ವಾಡಿ, ಗಿಡ ಎಲ್ಲಾ ಅಳಸತೈತಿ. ಒಂದು ಎಲ್ಲಾರ ಮ್ಯಾಲೂ ಒಂದ ಬಿಸಲ ಬೀಳಸತೈತಿ. ಇನ್ನೊಂದು ಮಾರಿ ಮ್ಯಾಲಿನ ಸುಕ್ಕು ತಗೀತೈತಿ. ಸೂರತ್‌ನ್ಯಾಗ ಮದಿಮಗಳ ಅವ್ವಂದ್ರಿಗೆಲ್ಲಾ ಅದನ್ನ ಓಡಸಿ ಓಡಸಿ, ಯಾರು ಮದಿಮಗಳು ಯಾರು ಅವ್ವ ಅಂತ ಗೊತ್ತಾಗದಂಗ ಮಾಡಿದಾಕಿ ನಾ. ಆ ಚಟಾ ಹೋಗಿಲ್ಲ. ಮೊದಲನೇ ಸಲ ತರಕಾರಿ ಚಾರ್ಟ್ ಮಾಡೂಮುಂದ ಸುಕ್ಕಿನ ಪ್ಲಗಿನ್ ಎಲ್ಲಾದ್ರ ಮ್ಯಾಲೂ ಓಡಸಿಬಿಟ್ಟೆ. ಹಾಗಲಕಾಯಿ ನುಣ್ಣಗ ಸವತಿಕಾಯಿ ಆತು! ಕೆಳಗ "ಹಾಗಲಕಾಯಿ" ಅಂತ ಬರದೈತಿ. ಒಂದನೇ ಕ್ಲಾಸಿನ ಹುಡುಗಿಯೊಂದು ಮನೀಗಿ ಹೋಗಿ, "ಯವ್ವಾ, ಹಾಗಲಕಾಯಿ ಹಸೀದ ಕೊಡು, ಉಪ್ಪ ಹಚ್ಚಕೊಂಡ ತಿಂತೇನಿ" ಅಂದ್ಳಂತ. ತಿಂದೂ ಬಿಟ್ಳಂತ.

ನಗ್ರಿ, ನಗ್ರಿ. ಗಾಡಿ ಅಲ್ಲಾಡಾಕತ್ತೈತಿ, ಗಟ್ಟಿ ಹಿಡಕೋರಿ.

ಕುರಿದು ಇನ್ನೂ ಮಜಾ. ಬಿಳೇ ಕುರಿ, ಸುಣ್ಣದ ಗ್ವಾಡಿ ಮುಂದ ನಿಂತಿತ್ತು. ಹಿಂದಿಂದು ಅಳಸು ಅಂದ್ನಿ. ಗ್ವಾಡಿ ಜೋಡಿ ಕುರೀನೂ ಅಳಸ್ತು! ನಾಕ ಗೊರಸು, ಎರಡ ಕಣ್ಣು, ಇಷ್ಟ ಉಳದಿದ್ದು. ನೋಡದ ಹಂಗ ಕಳಿಸಿದ್ನಿ. ಮಾಸ್ತರ್ರು ಫೋನ್ ಮಾಡಿ, "ಮೇಡಮ್, ಸಾಕುಪ್ರಾಣಿ ಚಾರ್ಟಿನ್ಯಾಗ ಐದನೇದ್ದು ಏನ್ರಿ? ಹುಡುಗ್ರು ದೆವ್ವ ಅನ್ನಾಕತ್ತಾವು" ಅಂದ್ರು... ಮರಿ ಒದರಾಕತ್ತೈತ್ಯಾ? ಅದಕ್ಕೂ ಸಿಟ್ಟ ಬಂತೇನು! ನೀವಂತೂ ಮಾತಾಡೂದಿಲ್ಲ, ಅದಾದ್ರೂ ಮಾತಾಡ್ಲಿ. ಈ ಮರಿ ಕಿವಿ ತುದಿ ಯಾಕ ಕತ್ತರಿಸೈತ್ರಿ? ನಾಯಿ ಹಿಡದಿತ್ತೇನು?... ಓ, ಗುರತಾ? ನಿಮ್ಮ ಮನಿ ಮರಿ ಅಂತ ಗೊತ್ತಾಗಾಕ ನೀವ ಹಾಕೂದು? ಹೌದ್ರಿ? ಇಷ್ಟ ದಿನಾ ಕುರಿ ಫೋಟೋದಾಗ ಹರದ ಕಿವಿ ಕಂಡಲ್ಲೆಲ್ಲಾ ನಾ ಹೊಲದ ಕೊಟ್ಟೇನಲ್ರಿ!

ಎಡಕ್ಕ. ಹೂಂ... ಅಲ್ರಿ, ಈ ಪಂಪಸೆಟ್ ಮನಿ ಮೊದಲೂ ಬಂದಿತ್ತಲ್ಲ? ನೀಲಿ ಬಾಗಲಾ? ಇಲ್ಲಾ? ಇನ್ನೊಂದಾ? ಆತು, ನಿಮ್ಮೂರು, ನಿಮಗ ಗೊತ್ತು.

ಮಾಯವ್ವನ ಮನೀಗಿ ಯಾಕ ಅಂತ ಕೇಳವಲ್ರಿ. ಕೇಳದಿದ್ರೂ ಹೇಳತೇನಿ, ಹೊಟ್ಯಾಗ ಇಟಗೊಂಡ ಬಂದ್ರ ಅಲ್ಲಿ ಹೋಗಿ ಮಾತ ಬರೂದಿಲ್ಲ ನನಗ. "ನಮ್ಮ ಕುಟುಂಬ" ಅಂತ ಒಂದ ಚಾರ್ಟ್ ಮಾಡಿದ್ನಿ. ಅಜ್ಜ, ಅಜ್ಜಿ, ಅಪ್ಪ, ಅವ್ವ, ಎರಡ ಮಕ್ಕಳು. ಖರೆ ಖರೆ ಕುಟುಂಬ ಹಿಡದ ನಿಂದರಿಸಿದ್ರ ಆತಲ್ಲ ಅಂತೀರಿ? ಒಬ್ಬರು ಕಣ್ಣ ತಗದ್ರ ಇನ್ನೊಬ್ಬರು ಮುಚ್ಚಿರ್ತಾರ್ರಿ. ಅದಕ್ಕ ಬ್ಯಾರೆ ಬ್ಯಾರೆ ಊರಿಂದ ಒಬ್ಬೊಬ್ಬರನ್ನ ತಂದು ಜೋಡಿಸಿದ್ನಿ. ಅಜ್ಜಿ, ನಿಮ್ಮ ಕುಲಗೋಡದ ಮಾಯವ್ವ. ಅಜ್ಜ, ಹುಕ್ಕೇರಿ ಆಚಿ ಕಡೆ ದಡ್ಡಿ ಊರಿನ ರಾಚಪ್ಪ ಕಾಕಾ. ಏನ ಮೀಸಿ ಅಂತೀರಿ! ಬಿಳೇ ಪಟಕಾ, ಹಣಿ ತುಂಬ ವಿಭೂತಿ, ಕ್ಯಾಲೆಂಡರ್ ಮ್ಯಾಲ ಹಾಕಬೇಕು ಅಂಥಾ ಮಾರಿ.

ಕಾಕಾ ಫೋಟೋದಾಗ ಟ್ರ್ಯಾಕ್ಟರ್ ಬಾನೆಟ್ ಮ್ಯಾಲ ಕೈ ಇಟ್ಟು ನಿಂತಿದ್ರು. ಟ್ರ್ಯಾಕ್ಟರ್ ಅಳಿಸಿದ್ನಿ. ಕೈ ಗಾಳ್ಯಾಗ ಉಳೀತು! ಗಾಳ್ಯಾಗ ಕೈ ಇಟ್ಟ ಅಜ್ಜನ್ನ ಸಣ್ಣ ಮಕ್ಕಳಿಗಿ ಹೆಂಗ ತೋರಸೂದು? ಅದಕ್ಕ ಮಾಯವ್ವನ್ನ ಒಂದೀಟ ಎಡಕ್ಕ ಸರಸಿ ಆ ಕೈ ಕೆಳಗ ನಿಂದರಿಸಿದ್ನಿ. ಕೈ ನೆಟ್ಟಗ ಹೆಗಲ ಮ್ಯಾಲ ಕುಂತತು. ನೆರಳ ಹಾಕಿದ್ನಿ. ಏನ ಛಂದ ಅಂತೀರಿ, ಐವತ್ತ ವರ್ಷ ಸಂಸಾರ ಮಾಡಿದಂಗ!

...ಯಾಕ ಇಷ್ಟ ಗಟ್ಟಿ ಹಿಡಕೊಂಡ್ರಿ? ತಗ್ಗ ಬಂತೇನು?

ಮುಂದ ಆಗಬಾರದ್ದೆಲ್ಲಾ ಆತು. ದಡ್ಡ್ಯಾಗ ರಾಚಪ್ಪ ಕಾಕಾರ ಹೆಂಡ್ತಿ ರಾಯವ್ವ, ಗಟ್ಟಿ ಮುದುಕಿ, ಮೊಮ್ಮಗನ್ನ ಕರಕೊಂಡ ಬರಾಕ ಸಾಲೀಗಿ ಹೋಗ್ಯಾಳ. ಗ್ವಾಡಿ ಮ್ಯಾಲ ನೋಡ್ಯಾಳ. ಎರಡ ದಿನ ಒಲಿ ಹಚ್ಚಿಲ್ಲ. ಕಾಕಾ ಫೋನ್ ಮಾಡಿ, "ಯವ್ವಾ ಶೋಭಾ, ಕುಲಗೋಡ ಯಾವ ದಿಕ್ಕಿಗೈತಿ ಅಂತಾನೂ ನನಗ ಗೊತ್ತಿಲ್ಲ, ಅದನ್ನ ಕಾಗದದ ಮ್ಯಾಲ ಬರದು ಸಿಕ್ಕಾ ಹೊಡದು ಕೊಡು, ಹಸಿವಾಗೇತಿ" ಅಂದ್ರು. ನಾ ಬಿದ್ದ ಬಿದ್ದ ನಕ್ಕೆ.

ಆದ್ರ ಈ ಕಡಿಂದ ಬಂದ ಸುದ್ದಿಗಿ ನಗಿ ಬರಲಿಲ್ಲ. ಇಲ್ಲಿ ಹುಡುಗ್ರು ಮಾಯವ್ವಗ, "ಆಯಿ, ನಿಮ್ಮ ಅಜ್ಜ ಬದಲಾಗ್ಯಾನಂತ?" ಅಂದಾವ. ಅಕಿ ಸಾಲೀಗಿ ಬಂದು ಚಾರ್ಟ್ ಮುಂದ ಭಾಳ ಹೊತ್ತ ನಿಂತ್ಳಂತ. ನಾಕ ಮೂಲಿ ಮೊಳಿ ಒಂದೊಂದ ಕಿತ್ತು, ನಿಮ್ಮೂರ ಸಾಲಿ ಮಲ್ಲೇಶ ಮಾಸ್ತರ್ರ ಅಂಗೈಯಾಗ ಹಾಕಿ, ಚಾರ್ಟ್ ಸುತ್ತಿ ಕಂಕಳಾಗ ಇಟಗೊಂಡು ಮನೀಗಿ ಹೋದ್ಳಂತ. ಅಷ್ಟ. ಬೈದಿದ್ರ ಚಲೋ ಇತ್ತು. ಈಗ ಚಾರ್ಟ್ ಮಾಡಸಿದ ಸಾಹೇಬ್ರು ಏನಂತಾರ? "ಸೋಮವಾರದೊಳಗ ಆ ಮುದುಕಿ ತನ್ನ ಬಾಯಿಲೆ 'ಇರ್ಲಿ ಬಿಡ್ರಿ' ಅನ್ನಬೇಕು. ಇಲ್ಲಾಂದ್ರ ನಲವತ್ತೂ ಸಾಲ್ಯಾಗ ನಿಮ್ಮ ಚಾರ್ಟ್ ಇಳಸ್ತೇವಿ, ನೀವೂ ಬ್ಯಾರೆ ಕೆಲಸ ನೋಡಕೋರಿ." ಇವತ್ತ ಶನಿವಾರ. ಅದಕ್ಕ ಬಂದೇನಿ. "ಇರ್ಲಿ ಬಿಡ" ಅನ್ನಸ್ಕೊಂಡ ಹೋಗಾಕ.

ನಿಮಗ ಗುರತೈತಲ್ಲ ಮಾಯವ್ವಂದು? ಹೆಂಗ ಮನಷ್ಯಾಳು? ಜಗಳಗಂಟೇನು? ನಾ ಕಣ್ಣಾರೆ ನೋಡಿಲ್ರಿ. ಮಾಸ್ತರ್ರು ಫೋನ್‌ನ್ಯಾಗ ತಗದ ಕಳಿಸಿದ್ರು, ನಾ ತಗೊಂಡಾಕೀನ ಸುಕ್ಕಿನ ಪ್ಲಗಿನ್‌ಗಿ ಹಾಕಿದ್ನಿ. ಇಪ್ಪತ್ತ ವರ್ಷ ಸಣ್ಣಾಕಿ ಆದ್ಳು. ಈಗ ಎದುರಿಗಿ ಬಂದ್ರೂ ಗುರತ ಹತ್ತೂದಿಲ್ಲ ನನಗ.

ಒಂದ ಮಾತ ಐತ್ರಿ. ಖರೆ ಅಂದ್ರ ಮಾಯವ್ವ ಸುಮ್ಮನ ಫೋಟೋಕ್ಕ ನಿಂತಿದ್ದಿಲ್ಲ. "ನಾ ಅಜ್ಜಿ ಆಗೂದಾದ್ರ ಅಜ್ಜ ನಮ್ಮವ್ರ ಆಗಬೇಕು" ಅಂದಿದ್ಳಂತ. ಗಂಡ ಖಂಡೆಪ್ಪ, ತೀರಿ ಎರಡ ವರ್ಷಾತು. ಇಬ್ಬರದೂ ಜೋಡಿ ಒಂದ ಫೋಟೋ ಇಲ್ಲ. ಕುರಿ ಹಿಂದ ಊರೂರ ತಿರಗಾವ್ರು, ಯಾವ ಸ್ಟುಡಿಯೋ, ಏನ ಕತಿ. ಗಂಡಂದು ಅಂತ ಇದ್ದದ್ದು ಓಟಿನ ಕಾರ್ಡಿನ ಮ್ಯಾಲಿನ ಒಂದ ಸಣ್ಣ ಫೋಟೋ. ಮಾಸ್ತರ್ರು ಅದರದೂ ಫೋಟೋ ಹೊಡದು ಕಳಿಸಿದ್ರು. "ಮೇಡಮ್, ಇಬ್ಬರನ್ನೂ ಬಾಜೂ ಬಾಜೂ ನಿಂದರಸ್ರಿ, ನಾ ಮಾತ ಕೊಟ್ಟೇನಿ." ನಾ ಆತು ಅಂದ್ನಿ. ಫೋನ್‌ನ್ಯಾಗ ಹೆಬ್ಬಟ್ಟ ಎತ್ತಿದ ಚಿತ್ರಾನೂ ಕಳಿಸಿದ್ನಿ.

ಮಾಡಬೇಕಂತನ ಇದ್ನಿ. ಆದ್ರ ಮಬ್ಬು ಅಂದ್ರ ಮಬ್ಬು ಇತ್ರಿ ಆ ಫೋಟೋ! ಮಾರಿ ಎಲ್ಲಿ ಮುಗೀತು, ಪಟಕಾ ಎಲ್ಲಿ ಚಾಲೂ ಆತು ತಿಳೀವಲ್ದು. ಮಬ್ಬು ತಗಿಯೂ ಪ್ಲಗಿನ್ ಸೈತ ಕೈ ಮುಗೀತು. ನಾ ಏನ ಮಾಡ್ಲಿ? ಅದಕ್ಕ ರಾಚಪ್ಪ ಕಾಕಾರನ್ನ ತರಬೇಕಾತು. ಮಾಸ್ತರ್ರಿಗೂ ಇದನ್ನ ಹೇಳಿದ್ನಿ, ಸಾಹೇಬ್ರಿಗೂ ಇದನ್ನ. ಮಬ್ಬಿಗಿ ಯಾರ ಏನ ಮಾಡ್ಯಾರು?

ಅಲ್ಲಾ, ಮಬ್ಬ ಇರದಿದ್ರೂ, ನೀವ ಹೇಳ್ರಿ ಆಯಿ, ನೀವೂ ನಾಕ ಮಂದಿ ಮಾರಿ ನೋಡಿದಾಕಿ, ಸಣ್ಣ ಮಕ್ಕಳ ಚಾರ್ಟಿಗಿ ಅಂಥಾ ಮಾರಿ ಹಾಕಾಕ ಬರ್ತೈತೇನು? ಗಲ್ಲದ ತುಂಬ ಸಿಡಬಿನ ಕಲಿ. ಒಂದ ಕಣ್ಣು ಮೂಡಲಗಿ ಕಡೆ, ಒಂದ ಕಣ್ಣು ಗೋಕಾಕ ಕಡೆ. ಬಲಗಿವಿ ತುದೀನ ಇಲ್ಲ. ಮೂಗಿನ ಬಾಜೂಕ ಅವರಿಕಾಳಿನಷ್ಟ ಮಚ್ಚಿ, ಅದರ ಮ್ಯಾಲ ಎರಡ ಕೂದಲಾ...

...

ಏನ್ರಿ?



ಕನ್ನಡ್ಯಾಗ ಹಂಗ ನೋಡಬ್ಯಾಡ್ರಿ ನನ್ನ. ಮಬ್ಬಿದ್ರ ಕೂದಲಾ ಎರಡು ಅಂತ ಹೆಂಗ ಕಂಡ್ತು, ಅದ ಅಲ್ಲ? ಆತು. ಮಬ್ಬಿರಲಿಲ್ಲ. ಛಲೋ ಇತ್ತು. ಕನ್ನಡಿ ಕಂಡಂಗ ಇತ್ತು. ನಾ ಒಂದ ಸಲ ತಗದ್ನಿ, ನೋಡಿದ್ನಿ, "ಅಯ್ಯ, ಈ ಮಾರಿ ಬ್ಯಾಡವ್ವ" ಅಂದು ಮುಚ್ಚಿದ್ನಿ. ಅಷ್ಟ ಹೊತ್ತ. ಚಾ ಆರೂದರೊಳಗ ಆ ಮನಷ್ಯಾನ್ನ ತಗದ ಹಾಕಿದ್ನಿ. ಸೂರತ್‌ನ್ಯಾಗ ಹಂಗ ಎಷ್ಟ ಮಂದೀನ ತಗದೇನಿ, ಕಪ್ಪ ಕಾಕೂ, ಹಲ್ಲ ಉಬ್ಬಿದ ಮಾವ... ಯಾರೂ ಕೇಳಿಲ್ಲ ನನಗ. ಈ ಮುದುಕಿ ಕೇಳಿದ್ಳು. ಅಂದ್ರ, ಕೇಳಲಿಲ್ಲ. ನಾಕ ಮೊಳಿ ಕೊಟ್ಟ ಹೋದ್ಳು.

ನೋಡ್ರಿ ಆಯಿ, ನಿಮ್ಮ ಕಾಲ ಬೀಳತೇನಿ, ಇದನ್ನ ಮಾಯವ್ವಗ ಹೇಳಬ್ಯಾಡ್ರಿ. ನಮ್ಮ ನಮ್ಮಾಗಿರ್ಲಿ. ನಾ ಅಕಿ ಮುಂದ ಮಬ್ಬಿತ್ತು ಅಂತನ ಹೇಳಾಕಿ. ನೀವೂ ಬಾಜೂಕ ನಿಂತು ಒಂದ ಸಲ ಹೂಂ ಅಂತ ಗೋಣ ಹಾಕಿದ್ರ... ಇಲ್ಲೆ ನಿಂದರಸ್ಲಿ? ಇದ ಮನೀನ? ಆತು. ಇಳೀರಿ, ಸಾವಕಾಶ.

ಅಯ್ಯ, ಮನೀಗಿ ಬೀಗ ಹಾಕೇತಲ್ರಿ! ಮಾಯವ್ವ ಎಲ್ಲೆ ಹೋಗ್ಯಾಳೋ ಏನೋ. ಮರಿ ನೋಡ್ರಿ, ಸೀದಾ ಅಂಗಳದಾಗಿನ ಕುರಿ ಹತ್ತರ ಓಡಿ ಹೋತು, ತನ್ನ ಮನಿ ಅನ್ನೂವಂಗ... ನೀವೇನ ಸೊಂಟದಾಗ ಹುಡಕಾಕತ್ತೀರಿ? ಚಾವಿ... ಚಾವಿ ನಿಮ್ಮ ಹತ್ತರ ಯಾಕೈತಿ?

ಬಾಜೂ ಮನಿಯವ್ರಲ್ಲೇನ್ರಿ ನೀವು?

ಆಯಿ.

ಯವ್ವಾ ತಾಯಿ... ತಲೀಗಿ ಸುತ್ತಿದ ಆ ಟಾವೆಲ್ ತಗದ ಕೂಡ್ಲೆ... ಸುಕ್ಕ ಬಿಟ್ರ ಚಾರ್ಟಿನ ಅದ ಮಾರಿ... ನೀವ ಮಾಯವ್ವಾರು. ಪಂಪಸೆಟ್ ಮನಿ ಮುಂದ ಎರಡ ಸಲ ತಿರಗಸಿದ್ರಿ ನನ್ನ. ಪೂರಾ ಕತಿ ಕೇಳಾಕ! ನಾ "ಜಗಳಗಂಟೇನು" ಅಂತ ಕೇಳಿದ್ನಲ್ಲ ದೇವ್ರ... "ಎರಡ ಕೂದಲಾ" ಅಂದ್ನಲ್ಲ... ಎಲಿ ಅಡಿಕಿ ಉಗಳ್ರಿ, ಉಗಳಿ ಬೈಯ್ರಿ. ಬೈಯ್ರಿ ಅಂದ್ರೂ ಬೈಯವಲ್ರಿ. ನೀರ ಯಾಕ ತರ್ತೀರಿ, ನೀರ ಕುಡಿಯೂ ಮಾರಿ ಐತೇನ್ರಿ ನಂದು?... ಕುಡೀತೇನಿ. ಕಣ್ಣ ಬಿಡಬ್ಯಾಡ್ರಿ, ಕುಡೀತೇನಿ.

"ಇರ್ಲಿ ಬಿಡ" ಅಂತ ನೀವ ಅನ್ನೂದ ಬ್ಯಾಡ. ಕೇಳೂದಿಲ್ಲ ಅದನ್ನ. ಸಾಹೇಬ್ರಿಗಿ ಸೋಮವಾರ ನಾನ ಹೇಳತೇನಿ, ಮಬ್ಬಿರಲಿಲ್ಲ, ನಾ ಸುಳ್ಳ ಹೇಳಿದ್ನಿ ಅಂತ. ಕೆಲಸ ಹೋದ್ರ ಹೋಗ್ಲಿ. ಕುಂದರ್ರಿ ಇಲ್ಲೆ, ಪಡಸಾಲ್ಯಾಗ. ಲ್ಯಾಪ್‌ಟಾಪ್ ತಗೀತೇನಿ. ನಿಮಗ ಕೊಡಬೇಕಾದ್ದ ಕೊಟ್ಟ ಎದ್ದ ಹೋಗತೇನಿ.

ಇದ ನೋಡ್ರಿ ಚಾರ್ಟು. ರಾಚಪ್ಪ ಕಾಕಾ, ಇಳೀರಿ, ದಡ್ಡಿ ಬಂತು. ಹೋದ್ರು. ಕೈನೂ ಹೋತು, ನೋಡ್ರಿ, ನಿಮ್ಮ ಹೆಗಲ ಮ್ಯಾಲಿಂದು. ನಿಮ್ಮ ಸುಕ್ಕೂ ಹೊಳ್ಳಿ ತಂದೆ. ಈಗ ನಿಮ್ಮವ್ರು. ಇದ... ನಾಕ ತಿಂಗಳಿಂದ ನನ್ನ ಹತ್ತರ ಐತಿ. ನೋಡ್ರಿ. ದೊಡ್ಡದ ಮಾಡತೇನಿ. ಎಷ್ಟ ಹತ್ತರ ಹೋಗ್ತೀರಿ, ಮೂಗ ಹತ್ತತೈತಿ... ಹತ್ಲಿ ಬಿಡ್ರಿ.

ಆ! ಮುಂಗೈ ಮ್ಯಾಲ ಯಾಕ ಬಡದ್ರಿ? ನಾ ಏನ ಮಾಡಿದ್ನಿ... ಓ, ಕಲಿ ಅಳಸಾಕತ್ತಿತ್ತು. ಚಟಾ ರೀ, ಬಟ್ಟ ತಾನ ಹೋಗತೈತಿ. ಹೊಳ್ಳಿ ತಂದೆ, ನೋಡ್ರಿ, ಒಂದೂ ಕಡಿಮಿ ಆಗಿಲ್ಲ. ಈ ಪ್ಲಗಿನ್ ಏನ ಕೇಳಾಕತ್ತೈತಿ ಗೊತ್ತೇನ್ರಿ? "ಕಣ್ಣು ನೆಟ್ಟಗ ಮಾಡಲೇ?" ಅಂತ. ಬ್ಯಾಡಪ್ಪ, ಸುಮ್ನಿರು, ನಾ ಈಗಷ್ಟ ಪೆಟ್ಟ ತಿಂದೇನಿ. ಆದ್ರ ಈ ಕಿವಿ ತುದಿ... ಅಜ್ಜಾರ ಕಿವೀಗೂ ನಿಮ್ಮ ಮನಿ ಗುರತ ನೀವ ಹಾಕಿದ್ರೇನ್ರಿ?

ನಕ್ರಿ! ನಕ್ರಿ ನೀವು! ಎಲಿ ಅಡಿಕಿ ಅಂಗಳಕ್ಕ ಹಾರ್ತು!

ಇನ್ನೊಂದ ತ್ರಾಸ ಐತಿ. ಕಾರ್ಡಿನ್ಯಾಗ ಅಜ್ಜಾರು ಕೊಳ್ಳಿನ ಮಟ ಅಷ್ಟ ಅದಾರ. ಮೈ ಎಲ್ಲಿಂದ ತರೂದು? ರಾಚಪ್ಪ ಕಾಕಾರ ಮೈ... ಅನ್ನಲಿಲ್ಲ, ಅನ್ನಲಿಲ್ಲ, ತಪ್ಪಾತು. ಎಲ್ಲಿ ಹೊಂಟ್ರಿ?... ಅವರ ಕಂಬಳೇನ ಇದು? ಕೋಲು? ಯಾರ ಹೊತಕೋಬೇಕು? ನಾ? ನಾ ಏನ್ರಿ? ಸೂರತ್, ಮಸ್ಕತ್ ತಿರಗಿ ಬಂದು ಕಡೀಕ ನಾ ಅಜ್ಜ ಆಗಬೇಕೇನ್ರಿ?... ಕೊಡ್ರಿ. ಭಾರೈತಿ. ಹೆಗಲಿಗಿ ಹಿಂಗಾ? ಇಲ್ಲಾ? ಹಿಂಗ. ಕೋಲು ಎಡಗೈಯಾಗ? ಎಡಚರಿದ್ರೇನ? ಆತು. ಫೋನ್ ಈ ಒರಳಿನ ಮ್ಯಾಲ ಇಡತೇನಿ. ನೀವು ಬಾಜೂಕ ಬರ್ರಿ. ಇನ್ನೊಂದೀಟ ಹತ್ತರ... ಬ್ಯಾಡಾ? ಒಂದ ಮಾರ ದೂರ ನಿಂದರ್ತಿದ್ರೇನ ಇಬ್ಬರೂ? ನಡುವ ಕುರಿ ಹೋಗಾಕ ಜಾಗಾ ಬೇಕಲ್ಲ, ಹೌದು. ಹೊಟ್ಟಿ ಒಳಗ ಎಳಕೋತೇನಿ. ನಗಬ್ಯಾಡ್ರಿ, ಹತ್ತ ಎಣಸ್ತೈತಿ ಅದು... ಬಂತು.

ಬರ್ರಿ, ನೋಡ್ರಿ. ನನ್ನ ತಲಿ ತಗದೆ. ಅಜ್ಜಾರನ್ನ ಇಟ್ಟೆ. ಒಂದ ಬಿಸಲ ಬೀಳಸ್ತೇನಿ ಇಬ್ಬರ ಮ್ಯಾಲೂ. ನೆರಳು... ಎರಡೂ ಒಂದ ಕಡೆ. ಕೆಳಗ "ಅಜ್ಜ, ಅಜ್ಜಿ". ಮಲ್ಲೇಶ ಮಾಸ್ತರ್ರಿಗಿ ಕಳಸ್ತೇನಿ, ಇಗಾ, ಹೋತು. ನಲವತ್ತೂ ಸಾಲಿ ಹಾಳಿ ನಾನ ಹೋಗಿ ಬದಲಸ್ತೇನಿ, ದಡ್ಡೀದ ಮೊದಲ, ರಾಯವ್ವ ಒಲಿ ಹಚ್ಲಿ.

ಯಾಕ ಸೆರಗ ತಲಿ ಮ್ಯಾಲ ಎಳಕೊಂಡ್ರಿ? ಇಲ್ಲಿ ಬಿಸಲಿಲ್ಲ... ಇಲ್ಲೆ ಯಾರೂ ಇಲ್ಲ, ನಾ ಅಷ್ಟ...

ಓ. ಹೌದಲ್ಲ.

ಖಂಡೆಪ್ಪಜ್ಜ, ಬರ್ರಿ. ನಾಕ ತಿಂಗಳು ಹೊರಗ ನಿಂದರಿಸಿದ್ನಿ ನಿಮ್ಮನ್ನ. ತಪ್ಪಾತ್ರಿ.